ಮೇದಾರ ಕೇತವ್ವ ಹೆಣೆದ ತಪ್ಪಿನ ಬುಟ್ಟಿ

ಬಹಳ ಹಿಂದೆ, ಹೊಳೆ ಇನ್ನೂ ಗುಡ್ಡದ ಆಚೆ ಮಗ್ಗುಲಲ್ಲಿ ಹರಿಯುತ್ತಿದ್ದ ಕಾಲದಲ್ಲಿ, ಹಿರೇಸೊನ್ನ ಅಂತ ಒಂದು ಊರು. ಆ ಊರಲ್ಲಿ ಕೇತವ್ವ ಅಂತ ಒಬ್ಬ ಮೇದಾರ ಹೆಂಗಸು, ಬಿದಿರು ಸೀಳಿ ಬುಟ್ಟಿ ಹೆಣೆಯುವವಳು. ಬಾಯಿ ಬಹಳ ಜೋರಂತೆ. ಬಾಗಿಲಲ್ಲಿ ಕೂತು ಬೈದರೆ ಹೊಳೆಯಾಚೆಯ ಎಮ್ಮೆಗಳು ಹೆದರಿ ಮನೆಗೆ ಬರುತ್ತಿದ್ದವಂತೆ. ಕೆಳಗಿನ ಊರುಗಳಲ್ಲಿ ಕೇಳಿ ನೋಡಿ, ಅವಳು ತಾಳೆಮರದಷ್ಟು ಎತ್ತರ ಅಂತಾರೆ. ನಮ್ಮವರು ಅಷ್ಟು ಸುಳ್ಳು ಹೇಳುವವರಲ್ಲ. ಬಾಗಿಲಿಗೆ ತಲೆ ಬಗ್ಗಿಸುವಷ್ಟು ಎತ್ತರ, ಅಷ್ಟೇ.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ತಪ್ಪು ಮಾಡಿದವರು ಆರೋಪಕ್ಕೊಂದು ಕಲ್ಲಿನಂತೆ ಬುಟ್ಟಿಯಲ್ಲಿ ತುಂಬಿ, ತಲೆಮೇಲೆ ಹೊತ್ತು ಊರು ಸುತ್ತಬೇಕು. ನಡುವೆ ಇಳಿಸಿದರೆ ಊರು ಬಿಡಬೇಕು. ಬುಟ್ಟಿ ಮಾತ್ರ ಪ್ರತಿ ಸಲ ಹೊಸದಾಗಿರಬೇಕು. ಒಬ್ಬರ ತಪ್ಪು ಹೊತ್ತ ಬುಟ್ಟಿಯನ್ನು ಇನ್ನೊಬ್ಬರ ತಲೆಗೆ ಇಡುವಂತಿಲ್ಲ. ಅದನ್ನು ಚಾವಡಿ ಮುಂದೆ ಕೂತು ಹೆಣೆಯುವುದು ಕೇತವ್ವನ ಮನೆತನದ ಕೆಲಸ.

ಮೊದಮೊದಲು ಕದ್ದರೆ ಒಂದು ಕಲ್ಲು, ಹೊಡೆದರೆ ಒಂದು ಕಲ್ಲು. ಆಮೇಲೆ ಊರಾಳುವ ದೇಸಾಯರ ವಾಡೆಗೆ, ಅವರ ವ್ಯವಹಾರ ನೋಡಿಕೊಳ್ಳಲು, ತಿಮ್ಮಾಜಿ ಅಂತ ಒಬ್ಬ ಕಾರಭಾರಿ ಬಂದ. ಒಂದು ತಪ್ಪನ್ನು ಒಂದೇ ಅಂತ ಬಿಡುವುದು ಅವನಿಗೆ ಆಗದ ಮಾತು. ಕೋಳಿ ಕದ್ದವನಿಗೆ ಕೋಳಿಗೊಂದು ಕಲ್ಲು, ಗೋಡೆ ಹಾರಿದ್ದಕ್ಕೊಂದು, ಕೋಳಿಯ ಬಾಯಿ ಮುಚ್ಚಿದ್ದಕ್ಕೊಂದು, ಅದು ಕೂಗದೆ ಊರವರು ತಡವಾಗಿ ಎದ್ದದ್ದಕ್ಕೊಂದು. ಅದರ ಮೇಲೆ ಸಿಕ್ಕಿಬಿದ್ದವರ ಕಿವಿಯಲ್ಲಿ ಹೇಳುತ್ತಿದ್ದನಂತೆ, ಎಲ್ಲ ಒಪ್ಪಿಕೊಂಡರೆ ಅರ್ಧದಷ್ಟು ಕಲ್ಲು ತೆಗೆಸುತ್ತೇನೆ, ವಾದಕ್ಕೆ ನಿಂತರೆ ಇನ್ನಷ್ಟು ಹಾಕಿಸುತ್ತೇನೆ ಅಂತ. ಜನ ಮಾಡದ್ದನ್ನೂ ಮಾಡಿದೆವು ಅಂತ ಒಪ್ಪಿಕೊಂಡು ಹೊರುತ್ತಿದ್ದರು. ಕೇತವ್ವನೂ ದೊಡ್ಡ ದೊಡ್ಡ ಬುಟ್ಟಿ ಹೆಣೆದು ಕೊಡುತ್ತಿದ್ದಳು. ಅದನ್ನೂ ಹೇಳಬೇಕಲ್ಲ.

ಹೀಗಿರುವಾಗ ಅಗಸರ ಚಂದವ್ವ, ಹಸಿ ಬಾಣಂತಿ, ಎದೆಹಾಲು ಸಾಲದೆ ದೇಸಾಯರ ತೋಟದಲ್ಲಿ ಒಂದು ಹಿಡಿ ಸಬ್ಬಸಿಗೆ ಸೊಪ್ಪು ಕಿತ್ತಳಂತೆ. ಸಿಕ್ಕಿಬಿದ್ದಳು. ಒಪ್ಪಿಕೋ ಅಂದರೆ, ಸೊಪ್ಪು ಕಿತ್ತದ್ದು ಖರೆ, ಉಳಿದದ್ದು ಒಪ್ಪುವುದಿಲ್ಲ ಅಂದಳಂತೆ. ತಿಮ್ಮಾಜಿಗೆ ಕೋಪ ಬಂತು. ಚಾವಡಿ ಮುಂದೆ ಕಲ್ಲಿನ ಗುಡ್ಡೆಯೇ ಬಿತ್ತು. ಅಷ್ಟು ಹೊತ್ತರೆ ಅವಳು ಊರ ಅಗಸೆ ಬಾಗಿಲು ಮುಟ್ಟುವ ಮೊದಲೇ ಕುಸಿಯುತ್ತಾಳೆ, ಕುಸಿದರೆ ಕೂಸು ಕಟ್ಟಿಕೊಂಡು ಊರಾಚೆ. ಎಲ್ಲರಿಗೂ ಗೊತ್ತಿತ್ತು.

ಕೇತವ್ವ ಬಿದಿರು ಸೀಳಿಟ್ಟು ಕೇಳಿದಳಂತೆ, "ಅಲ್ರೀ ಕಾರಭಾರ್ಯಾರ, ಕದ್ದ ಮಾಲು ಎಲ್ಲಿ? ಎತ್ತಿ ಹಿಡೀರಿ, ಅಳತಿ ನೋಡಬೇಕು."

"ಅಳತಿ ಯಾಕ?"

"ಇಷ್ಟು ದಿನ ನಿಮ್ಮ ಬಾಯಿ ನೋಡಿ ಹೆಣದೆ. ಇವತ್ತು ಮಾಲು ನೋಡಿ ಹೆಣೀತೀನಿ."

ದೇಸಾಯರು ಎದುರಿಗೇ ಕೂತಿದ್ದರು, ಇಲ್ಲ ಅನ್ನುವಂತಿಲ್ಲ. ತಿಮ್ಮಾಜಿ ಸೊಪ್ಪು ಎತ್ತಿ ಹಿಡಿದ. ಹಿಡಿದುಕೊಂಡೇ ಆರೋಪ ಹೇಳತೊಡಗಿದ. ಬೇಲಿ ಸರಿಸಿದ್ದು. ಕಾಲುವೆಯ ನೀರು ಕದಡಿದ್ದು. ಕಾವಲಿನ ನಾಯಿಯನ್ನು ಮುದ್ದು ಮಾಡಿದ್ದು. ಕೂಸು ಅಳದೆ ಸುಮ್ಮನಿದ್ದು ಕಳವಿಗೆ ನೆರವಾದದ್ದು. ಅವನು ಹೇಳುತ್ತಾ ಹೋದಂತೆ ಬಿಸಿಲಿಗೆ ಸೊಪ್ಪು ಬಾಡುತ್ತಾ ಹೋಯಿತಂತೆ. ಕೂಸಿನ ಹೆಸರು ಬರುವಷ್ಟರಲ್ಲಿ ಅದು ಅವನ ಮುಂಗೈ ಮೇಲೆ ಜೋತುಬಿದ್ದಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಚಾವಡಿಯೇ ನಕ್ಕಿತಂತೆ.

ಅಷ್ಟರಲ್ಲಿ ಬುಟ್ಟಿ ಮುಗಿದಿತ್ತು. ಹಿಡಿ ಸೊಪ್ಪು ಹಿಡಿಸುವಷ್ಟು, ಒಂದೇ ಕಲ್ಲು ಕೂರುವಷ್ಟು.

"ಇನ್ನೊಂದು ಹೆಣಿ, ದೊಡ್ಡದು!" ಅಂದ ತಿಮ್ಮಾಜಿ.

"ದೊಡ್ಡ ತಪ್ಪು ಮಾಡಿದವ್ರನ್ನ ಕರಕೊಂಡ ಬರ್ರಿ, ಹೆಣೀತೀನಿ."

"ನಿನ್ನ ಮ್ಯಾಲೂ ಆರೋಪ ಹಾಕ್ತೀನಿ!"

"ಹಾಕ್ರಿ ಯಪ್ಪಾ. ನನ್ನ ಬುಟ್ಟಿ ಹೆಣಿಯಾವ್ರು ಯಾರು, ನೀವಾ?"

ದೇಸಾಯರು ಒಂದು ಕಲ್ಲು ಸಾಕು ಅಂದರಂತೆ. ಅವರ ಮನಸ್ಸು ಕರಗಿತು ಅಂತ ಕೆಲವರು ಹೇಳುತ್ತಾರೆ. ಊಟದ ಹೊತ್ತು ಮೀರಿತ್ತು ಅಂತ ಇನ್ನು ಕೆಲವರು. ನನಗೆ ಊಟದ ಮಾತೇ ನಿಜ ಅನಿಸುತ್ತದೆ.

ಚಂದವ್ವ ಕೂಸನ್ನು ಕಂಕುಳಲ್ಲಿಟ್ಟು, ಒಂದು ಕಲ್ಲಿನ ಬುಟ್ಟಿ ಹೊತ್ತು ಊರು ಸುತ್ತಿ ಬಂದಳು. ಕದ್ದದ್ದು ಕದ್ದದ್ದೇ, ಹೊತ್ತಳು, ಇಳಿಸಿದಳು, ಮನೆಗೆ ಹೋದಳು. ಕೇತವ್ವ ಹಿಂದೆಯೇ ಹೋಗಿ, ಮುಂದ ಸೊಪ್ಪು ಬೇಕಾದರ ಬಾಯಿಬಿಟ್ಟು ಕೇಳು ಖೋಡಿ ಅಂತ ಬೈದು ಬಂದಳಂತೆ. ತಿಮ್ಮಾಜಿ ಬದಲಾದನೇ ಅಂದರೆ, ಇಲ್ಲವಂತೆ. ಆದರೆ ಅವತ್ತಿನಿಂದ ಬುಟ್ಟಿಗಳು ದೊಡ್ಡದಾಗಲಿಲ್ಲ.

ಈಗ ಕಲ್ಲೂ ಇಲ್ಲ, ಬುಟ್ಟಿಯೂ ಇಲ್ಲ. ಆದರೂ ಹಿರೇಸೊನ್ನದ ಕಟ್ಟೆಗೆ ದೂರು ತಂದವರು ಹೋದ ವಸ್ತುವನ್ನೋ ಅಂಥದ್ದೇ ಇನ್ನೊಂದನ್ನೋ ಕೈಯಲ್ಲಿ ಹಿಡಿದೇ ಮಾತಾಡಬೇಕು, ಮಾತು ಮುಗಿಯುವ ತನಕ ಇಳಿಸುವಂತಿಲ್ಲ. ಹೋದ ವರ್ಷ ಫಕೀರಪ್ಪ ತನ್ನ ಟಗರು ಕದ್ದ ಪಕ್ಕದ ಮನೆಯವನ ಮೇಲೆ ದೂರು ತಂದ. ತಿರುಗಿ ಸಿಕ್ಕಿದ್ದ ಟಗರನ್ನು ಹೆಗಲಿಗೇರಿಸಿಕೊಂಡು ನಿಂತು ಬೇಲಿಯ ಮಾತು ತೆಗೆದ, ಅಪ್ಪನ ಕಾಲದ ಜಗಳ ತೆಗೆದ. ಟಗರು ಒಮ್ಮೆ ಕೊಸರಿತು.

"ಟಗರು ನಂದು. ಕದ್ದಾನ. ಇಷ್ಟಽ ರೀ," ಅಂದವನೇ ಇಳಿಸಿ ಕೂತುಬಿಟ್ಟ.