ತಾಯಿಯವರ ಆಡುಸೋಗೆ ಬೇಲಿ

ಬೂದಿಹಾಳದ ಸುಣ್ಣದ ಭಟ್ಟಿಗಳ ಹಿಂದೆ, ಯಾರೂ ದನ ಕಟ್ಟಲೂ ಒಪ್ಪದ ಜಾಗದಲ್ಲಿ, ಪೂಜ್ಯ ಗಂಗಾಂಬಿಕೆ ತಾಯಿಯವರು ಗುಡಿಸಲು ಹಾಕಿಕೊಂಡಿದ್ದರು. ಅದೇ ಅವರ ಮಠ. ಶಿಖರವಿಲ್ಲ, ಸಿಂಹಾಸನವಿಲ್ಲ. ಸುತ್ತ ಆಡುಸೋಗೆಯ ಬೇಲಿ. ಮೇಕೆಗಳೂ ಮೂಸಿ ಮುಂದೆ ಹೋಗುವಷ್ಟು ಕಹಿ. ಪೇಟೆಯ ಭಕ್ತರು ಅಮೃತಶಿಲೆಯ ಮಠ ಕಟ್ಟಿಸಿಕೊಡುತ್ತೇವೆಂದು ಬಂದಾಗ ತಾಯಿಯವರು, "ಮಂದಿಗೆ ಉಸಿರು ಕಟ್ಟೋದು ಇಲ್ಲಿ. ಅಲ್ಲಿ ಕುಂತು ಏನ್ ಮಾಡ್ಲಿ?" ಎಂದು ಕಳಿಸಿಬಿಟ್ಟಿದ್ದರು. ಇಂಥವರು ನಮ್ಮ ತಾಯಿ. ತಲೆ ಎತ್ತಿ ಹೇಳಿಕೊಳ್ಳುತ್ತೇವೆ.

ದುರುಗಪ್ಪ ಭಜಂತ್ರಿಗೆ ಮಾತ್ರ ಮಠವೆಂದರೆ ಮೈ ಉರಿಯುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ ಅವನ ಸನಾದಿಯಿಲ್ಲದೆ ಅಕ್ಕಿಕಾಳು ಬಿದ್ದ ಮದುವೆಯಿರಲಿಲ್ಲ. ದೇವರನ್ನು ಎಬ್ಬಿಸಲು ಅವನ ಸನಾದಿ ಬೇಕು. ಅವನು ಮಾತ್ರ ಹೊಸ್ತಿಲ ಹೊರಗೆ. ಮಳೆ ಬಂದರೂ ಹೊರಗೆ. ಭಟ್ಟಿಯ ಧೂಳು ಕುಡಿದು ಕುಡಿದು ಎದೆ ಬಿಗಿದು, ಗೊರಗೊರ ಎನ್ನತೊಡಗಿದ ಮೇಲೆ ಆ ಹೊರಗಿನ ಜಾಗವೂ ಹೋಯಿತು. ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೇ ಸ್ವರ ಕಡಿದು ಬಿತ್ತು. "ಸನಾದಿಗಿಂತ ನಿನ್ನ ಎದಿನಽ ಚಲೋ ಊದತೈತಿ ಬಿಡೋ" ಎಂದು ಬೀಗರು ನಕ್ಕರು. ಅಂದೇ ಸನಾದಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ. ಊದದಿದ್ದರೆ ತಾನು ಯಾರೆಂಬುದೇ ಅವನಿಗೆ ತಿಳಿಯದಾಯಿತು.

ಹೆಂಡತಿ ಯಲ್ಲವ್ವ ಕೈ ಹಿಡಿದು ತಾಯಿಯವರಲ್ಲಿಗೆ ಎಳೆತಂದಳು. ಅವನು ಬೇಲಿಗೆ ಆತು ನಿಂತುಬಿಟ್ಟ.

"ಒಳಗ ಬಾ, ತಮ್ಮಾ" ಎಂದರು ತಾಯಿಯವರು.

"ನಾವು ಹೊರಗ ನಿಂದ್ರವರು. ಇಕಿ ಎಳಕೊಂಡು ಬಂದಾಳಂತ ಬಂದೀನಿ. ಏನು, ಭಸ್ಮಾ ಹಚ್ಚಿ ಕಳಿಸ್ತೀರಿ?"

ತಾಯಿಯವರು ಎದ್ದು ಬೇಲಿಯ ಹತ್ತಿರ ಬಂದರು. ಅವನು ಆತು ನಿಂತಿದ್ದ ಗಿಡದ ಎಲೆಗಳನ್ನೇ ಮುರಿದುಕೊಂಡು, ಬಾಡಿಸಿ, ಜಜ್ಜಿ, ರಸ ಹಿಂಡಿದರು. ಶುಂಠಿ, ಜೇನು ಬೆರೆಸಿ ಸೀಸೆಗೆ ತುಂಬಿ ಯಲ್ಲವ್ವನ ಕೈಗಿತ್ತರು. "ದಿನಾ ಕುಡಿಸು. ಆಸ್ಪತ್ರಿ ಮದ್ದೂ ಬಿಡಿಸಬ್ಯಾಡ."

ಮುಂದಿನ ಅಮಾವಾಸ್ಯೆಗೆ ದುರುಗಪ್ಪ ಇನ್ನಷ್ಟು ಏದುತ್ತ ಬಂದ. ಬೇಲಿಯಾಚೆಯಿಂದಲೇ ಕೂಗಿದ: "ನಿಮ್ಮ ತೀರ್ಥದಾಗ ಏನೂ ಸತ್ವ ಇಲ್ರಿ!"

"ಕುಡದಿಯೇನು?"

ಯಲ್ಲವ್ವ ತಲೆ ತಗ್ಗಿಸಿದಳು. ಅವಳು ಸೀಸೆಗೆ ಕುಂಕುಮ ಹಚ್ಚಿ, ದೇವರ ಜಗಲಿಯ ಮೇಲಿಟ್ಟು, ಊದುಬತ್ತಿ ಬೆಳಗಿ, ಓಣಿಯವರಿಗೆಲ್ಲ ಚಮಚ ಚಮಚ ಹಂಚಿದ್ದಳು. ಎಲ್ಲರೂ ಕಣ್ಣಿಗೊತ್ತಿಕೊಂಡು ನೆಕ್ಕಿದ್ದರು. ಗಂಡನ ಪಾಲಿಗೆ ಬಂದದ್ದು ತಳದಲ್ಲಿ ಉಳಿದಷ್ಟು.

"ನಿಮ್ಮ ಪ್ರಸಾದ, ಒಬ್ಬರಽ ಹೆಂಗ ಕುಡಿಯೋದ್ರೀ ಯವ್ವಾ?"

ತಾಯಿಯವರು ಬಾಯ್ತುಂಬ ನಕ್ಕರು. ಆಮೇಲೆ ಹೇಳಿದರು: "ನನ್ನ ಕೈಯಿಂದ ಬಂದ್ರ ನಿಮಗದು ತೀರ್ಥ ಆಗತೈತಿ. ಇನ್ನ ಮ್ಯಾಲೆ ನೀನಽ ಜಜ್ಜು. ಬಾ, ಒಳಗ ಕಲ್ಲಿನ ಒಳ್ಳು ಐತಿ."

"ಮಠದ ಒಳ್ಳಿಗೆ ನಮ್ಮ ಕೈಯೇನ್ರಿ?" ಯಲ್ಲವ್ವ ಹಿಂದೆ ಸರಿದಳು.

"ಯಾರ ಕೈ ಅಂತ ಎಲಿ ಕೇಳೂದಿಲ್ಲ."

ಒಳಗಿನಿಂದ ಹೆಂಡತಿ ಜಜ್ಜುವ ಸದ್ದು ಬರುತ್ತಿತ್ತು. ತನ್ನವರ ಕೈ ಮಠದೊಳಗೆ ಸದ್ದು ಮಾಡಿದ್ದನ್ನು ದುರುಗಪ್ಪ ಹುಟ್ಟಿದ ಮೇಲೆ ಕೇಳಿರಲಿಲ್ಲ. ತಾಯಿಯವರು ಅವನೆದುರು ಬಂದು ನಿಂತರು.

"ಸನಾದಿ ತುದಿಯ ಪೀಪಿ ಒಣಗಿ ಬಿಗಿದ್ರ ಏನ್ ಮಾಡ್ತಿ?"

"ಬಾಯಾಗಿಟ್ಟು ನೆನಸ್ತೀನ್ರಿ. ಸಡಿಲಾಗತೈತಿ."

"ನಿನ್ನ ಎದಿಯೊಳಗಿನ ಕೊಳವಿಗಳೂ ಹಂಗಽ ಬಿಗಿದಾವ. ಈ ರಸ ಸಡಿಲ ಮಾಡತೈತಿ. ಇದು ಎಲಿಯ ಗುಣ, ನನ್ನ ಮಹಿಮಾ ಅಲ್ಲ."

ದುರುಗಪ್ಪ ನಂಬದೆ ಇದ್ದದ್ದು ಮಹಿಮೆಯನ್ನು. ಅದನ್ನು ಅವರೇ ಬೇಡವೆಂದಿದ್ದರು.

ಅಂದಿನಿಂದ ಯಲ್ಲವ್ವ ದಿನವೂ ಬಂದು, ಗಂಡ ನಿಲ್ಲುತ್ತಿದ್ದ ಜಾಗದಲ್ಲೇ ಎಲೆ, ಟೊಂಗೆ ಮುರಿದು ಜಜ್ಜಿದಳು. ದುರುಗಪ್ಪ ಮುಖ ಕಿವುಚಿ ಕುಡಿದ. ಮೊದಲು ರಾತ್ರಿ ಏದದೆ ಮಲಗಲು ಆಯಿತು, ಆಮೇಲೆ ದಿಬ್ಬ ಹತ್ತಲು. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅವನು ಸನಾದಿ ಹಿಡಿದು ಬಂದ. ಒಳಗೆ ತಾಯಿಯವರು ಲಿಂಗದ ಮುಂದೆ ಪೂಜೆಗೆ ಕುಳಿತಿದ್ದರು, ಪೇಟೆಯ ಭಕ್ತರೂ ಇದ್ದರು. ರೂಢಿಯಂತೆ ಹೊರಗೇ ನಿಂತು ಪೀಪಿಯನ್ನು ತುಟಿಗಿಟ್ಟ.

"ಆ ಬೇಲಿ ನೀನಽ ಕುಡದೀಯಲ್ಲೋ" ಎಂದರು ತಾಯಿಯವರು. "ಇನ್ನ ಯಾವ ಬೇಲಿ ಹೊರಗ ನಿಂದ್ರತಿ?"

ದುರುಗಪ್ಪ ನೋಡಿದ. ಎದುರಿಗೆ ಗಿಡವೇ ಇರಲಿಲ್ಲ. ಆಳು ದಾಟುವಷ್ಟು ಜಾಗ ಬಯಲಾಗಿತ್ತು.

ಅವನು ದಾಟಿದ. ಪೇಟೆಯವರು ಮೈ ಮುದುಡಿ ಸರಿದರು, ಸರಿಯಲಿ. ಲಿಂಗದ ಪಕ್ಕದಲ್ಲಿ ಕುಳಿತು ಊದಿದ. ಮದುವೆಯಲ್ಲಿ ಕಡಿದುಬಿದ್ದ ಆ ಸ್ವರವನ್ನೇ ಹಿಡಿದ. ಅದು ಭಟ್ಟಿಗಳನ್ನು ದಾಟಿ ಊರನ್ನು ಮುಟ್ಟಿತು, ಕಡಿಯಲಿಲ್ಲ. ತಾಯಿಯವರ ಕಣ್ಣು ತುಂಬಿತ್ತು.

ಆಮೇಲೆ ಯಾರಾದರೂ ಪವಾಡವೆಂದರೆ ದುರುಗಪ್ಪ ರೇಗಿ, ಆಡುಸೋಗೆಯ ಒಂದು ಟೊಂಗೆ ಮುರಿದು ಅವರ ಅಂಗಳದಲ್ಲೇ ನೆಟ್ಟು ಬರುತ್ತಿದ್ದ. ತಾಯಿಯವರ ಮುಂದೆ ಮಾತ್ರ ಹಣೆ ನೆಲಕ್ಕಿಟ್ಟು ಏಳುತ್ತಿದ್ದ. ಮತ್ತೆ ಮದುವೆಗಳಿಗೆ ಕರೆ ಬರತೊಡಗಿತು. ಮನೆಬಾಗಿಲಿಗೆ ಬಂದವರಿಗೆ ಅವನ ಪ್ರಶ್ನೆ ಒಂದೇ:

"ನನ್ನ ಚಾಪಿ ಹೊಸ್ತಿಲ ಯಾವ ಕಡೆ ಹಾಸ್ತೀರಿ?"