ಬೇರು ಕಟ್ಟದ ಸರ

"ಗುರುಗಳೇ, ಈಚೆಗೆ ನನಗೆ ಯಾವುದರಲ್ಲೂ ಸಂದೇಹವೇ ಬರುವುದಿಲ್ಲ. ಕಲಿಕೆ ಮುಗಿಯಿತು ಎನ್ನುವುದಕ್ಕೆ ಇದು ಗುರುತೇ?"

ಕೇಳಿದವನು ಕೆಂಚಯ್ಯ. ಗುರುಗಳ ಬಳಿ ಸೇರಿ ಹನ್ನೆರಡು ವರ್ಷವಾಗಿತ್ತು. ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಸಾರಿಗೆ ಬೇಕಾದದ್ದನ್ನು ಬೆಟ್ಟದಿಂದ ಅವನೇ ತಂದು, ಅವನೇ ಹೆಚ್ಚಿ, ಅವನೇ ಬೇಯಿಸಿ ಬಡಿಸಿದ್ದ. ಕುಡುಗೋಲು ಇನ್ನೂ ಸೊಂಟದಲ್ಲೇ ಇತ್ತು. ಗುರುಗಳು ಎರಡು ಸಲ ಹಾಕಿಸಿಕೊಂಡು ಉಂಡಿದ್ದರು.

"ಕೂತುಕೋ. ಒಂದು ಕತೆ ಇದೆ. ನಡೆದದ್ದೇ. ನಡೆದಿರದಿದ್ದರೂ ನಾನು ನಾಲ್ಕು ಸಲ ಹೇಳಿದ ಮೇಲೆ ನಡೆದ ಹಾಗೇ ಲೆಕ್ಕ" ಎಂದು ಗುರುಗಳು ಶುರು ಮಾಡಿದರು.

ಒಂದು ಬೆಟ್ಟದ ಊರು. ಅಲ್ಲಿ ಒಬ್ಬಳು ಹೆಂಗಸು, ಅಣಬೆ ಕೀಳುವುದರಲ್ಲಿ ಎತ್ತಿದ ಕೈ. ಮುಂಗಾರಿನ ಗುಡುಗು ಕೇಳಿದ ಮೇಲೆ ಬೆಟ್ಟದ ಹುತ್ತಗಳ ಸುತ್ತ ಬಿಳಿಯ ಅಣಬೆ ಏಳುತ್ತದೆ. ಅದಕ್ಕೆ ನೀಳವಾದ ಬೇರು. ಹುತ್ತದ ಒಳಕ್ಕೆ ಮೊಳದುದ್ದ ಇಳಿದಿರುತ್ತದೆ. ಅದೇ ಬೆಟ್ಟದಲ್ಲಿ ಅದೇ ಬಣ್ಣದ ಇನ್ನೊಂದು ಅಣಬೆಯೂ ಏಳುತ್ತದೆ. ಅದಕ್ಕೆ ಆ ಬೇರಿಲ್ಲ. ಬುಡದಲ್ಲಿ ಒಡೆದ ಮೊಟ್ಟೆಯ ಚಿಪ್ಪಿನಂಥ ಒಂದು ಬಟ್ಟಲು, ಅದೂ ಮಣ್ಣಿನೊಳಗೆ ಹುದುಗಿ. ಮೇಲಿನಿಂದ ನೋಡಿದರೆ ಅಕ್ಕತಂಗಿಯರು. ಅಕ್ಕ ಉಣಿಸುತ್ತಾಳೆ. ತಂಗಿ ಉಂಡವರನ್ನು ಮಣ್ಣು ಮಾಡಿಸುತ್ತಾಳೆ.

ಆದ್ದರಿಂದ ಆ ಊರಿನವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಅಣಬೆಯನ್ನು ಕುಡುಗೋಲಿನಿಂದ ಕೊಯ್ಯಬಾರದು. ಬಿದಿರಿನ ಸೀಳಿನಿಂದ ಮಣ್ಣು ಬಿಡಿಸಿ, ಬೇರು ಸಮೇತ ಎತ್ತಬೇಕು. ಮನೆಗೆ ತಂದ ಮೇಲೆ ಬೇರು ಮುರಿಯುವವಳು ಕಿತ್ತವಳಾಗಬಾರದು, ಇನ್ನೊಬ್ಬಳಾಗಬೇಕು. ಅಣಬೆಯನ್ನು ಹೆಚ್ಚಿ, ನೂಲಿಗೆ ಪೋಣಿಸಿ, ಒಲೆಯ ಮೇಲೆ ಹೊಗೆಗೆ ತೂಗು ಹಾಕುವಾಗ ಆ ಬೇರುಗಳನ್ನೆಲ್ಲ ಸರದ ತುದಿಗೆ ಕಟ್ಟಬೇಕು. ಒಣಗಿ ಮುರುಟಿದ ಮೇಲೆ ಅಕ್ಕ ಯಾರು, ತಂಗಿ ಯಾರು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲವಲ್ಲ. ಬೇರುಗಳೇ ಸಾಕ್ಷಿ.

ಈ ಹೆಂಗಸಿನ ಮನೆಯಲ್ಲಿ ಬೇರು ಮುರಿಯುತ್ತಿದ್ದವಳು ಅವಳ ಅತ್ತೆ. ಮುದುಕಿಗೆ ಕಣ್ಣು ಮಂಜು. ಒಂದೊಂದು ಬೇರನ್ನೂ ಬೆರಳಿನಿಂದ ಸವರಿ ಸವರಿ ನೋಡುವಳು. ಒಂದು ಬುಟ್ಟಿಗೆ ಅರ್ಧ ದಿನ.

"ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ, ಅತ್ತೆ" ಎಂದಳು ಸೊಸೆ.

"ನಿನ್ನನ್ನು ನೋಡಲು ಬಂದಾಗ ಇಷ್ಟು ನೋಡಲಿಲ್ಲ. ಅದನ್ನೇ ಈಗ ಅನುಭವಿಸುತ್ತಿದ್ದೇನೆ. ಸುಮ್ಮನೆ ಬುಟ್ಟಿ ಇತ್ತ ತಳ್ಳು" ಎಂದಳು ಅತ್ತೆ.

ಹೀಗೆ ಇಪ್ಪತ್ತು ಮಳೆಗಾಲ ಕಳೆಯಿತು. ಒಂದು ಸಲವೂ ಆ ಮನೆಯ ಬುಟ್ಟಿಯಲ್ಲಿ ಬಟ್ಟಲು ಸಿಕ್ಕಲಿಲ್ಲ. ಇಪ್ಪತ್ತೊಂದನೆಯ ಮಳೆಗಾಲದಲ್ಲಿ ಅತ್ತೆ ತನ್ನ ಮಗಳ ಮನೆಗೆಂದು ಹೋದಳು. ಅದೇ ವಾರ ಅಣಬೆ ಎದ್ದಿತು.

ಹೆಂಗಸು ಹುತ್ತದ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಿದಿರಿನ ಸೀಳು ತೆಗೆದಳು. ಮಳೆ ಹನಿಯುತ್ತಿತ್ತು. ಇಪ್ಪತ್ತು ವರ್ಷ ನೋಡಿದ ಮುಖ, ಇದರ ಬೇರನ್ನು ಬೇರೆ ನೋಡಬೇಕೇ ಎನ್ನಿಸಿತು. ಸೀಳನ್ನು ಬುಟ್ಟಿಯೊಳಗಿಟ್ಟು ಕುಡುಗೋಲು ತೆಗೆದಳು. ಸರಸರ ಕೊಯ್ದಳು. ಮಣ್ಣಿಲ್ಲ, ಭಾರವಿಲ್ಲ, ಮುದುಕಿಯ ತಡವಿಲ್ಲ. ಮಧ್ಯಾಹ್ನದ ಹೊತ್ತಿಗೆ ಐದು ಸರ ಒಲೆಯ ಮೇಲೆ ತೂಗುತ್ತಿದ್ದವು.

ಈ ಹೆಂಗಸಿನ ಮಗಳನ್ನು ಬೆಟ್ಟದ ಆಚೆ ಊರಿಗೆ ಕೊಟ್ಟಿತ್ತು. ಅವಳು ಐದು ತಿಂಗಳ ಬಸುರಿ. ತವರಿನ ಅಣಬೆ ಸಾರು ಬೇಕೆಂದು ಹೇಳಿ ಕಳಿಸಿದ್ದಳು. ಮೂರನೆಯ ದಿನ ಸರಗಳು ಒಣಗಿದವು. ಬಂದಿದ್ದ ಅಳಿಯನ ಕೈಯಲ್ಲಿ ಒಂದು ಸರ ಕೊಟ್ಟಳು.

ಮರುದಿನ ಬೆಳಿಗ್ಗೆ ಹೆಂಗಸು ಮತ್ತೆ ಅದೇ ಹುತ್ತಕ್ಕೆ ಹೋದಳು. ಮಳೆಗೆ ಮಣ್ಣು ಕೊಚ್ಚಿಹೋಗಿತ್ತು. ತಾನು ಕೊಯ್ದು ಬಿಟ್ಟ ಬೇರುಗಳು ಮೇಲೆ ಕಾಣುತ್ತಿದ್ದವು. ಅವುಗಳಿಂದ ಒಂದು ಗೇಣು ಆಚೆಗೆ ಒಂದು ಬಿಳಿಯ ಬಟ್ಟಲು ಇತ್ತು. ಬಟ್ಟಲೊಳಗೆ ಅಣಬೆಯ ತುಂಡಾದ ದಂಟು. ಕೊಯ್ತ ನೇರವಾಗಿತ್ತು. ಅವಳದೇ ಕೈ.

ಬಟ್ಟಲು ಒಂದು, ಸರ ಐದು. ಯಾವುದರಲ್ಲಿ?

ಮನೆಗೆ ಓಡಿ ನಾಲ್ಕು ಸರವನ್ನೂ ಕಿತ್ತು ಒಲೆಗೆ ಹಾಕಿದಳು. ಐದನೆಯದಕ್ಕಾಗಿ ಬೆಟ್ಟ ಹತ್ತಿದಳು. ಹತ್ತುವಾಗ ಹಕ್ಕಿ ಕೂಗಿದರೆ ಯಾರೋ ಅತ್ತಂತೆ ಕೇಳಿತು. ಎದುರಿಗೆ ಬಂದವನೊಬ್ಬ ಮಾತಾಡಿಸಿದರೆ, ಸುದ್ದಿ ಹೇಳಲು ಬಂದನೆಂದು ಕಿವಿ ಮುಚ್ಚಿಕೊಂಡು ಓಡಿದಳು. ಬೆಟ್ಟದ ನೆತ್ತಿಯ ಮೇಲಿಂದ ಮಗಳ ಮನೆ ಕಂಡಿತು. ಮಾಡಿನಿಂದ ಹೊಗೆ ಏಳುತ್ತಿತ್ತು. ಒಲೆ ಉರಿಯುತ್ತಿರುವುದು ಅಡಿಗೆಗೋ, ಹೆಣ ಮೀಯಿಸುವ ನೀರಿಗೋ?

ಮಗಳು ಬಾಗಿಲಲ್ಲೇ ನಿಂತಿದ್ದಳು. ನಗುತ್ತಿದ್ದಳು.

"ಬಾರಮ್ಮ! ಸಾರಿನ ವಾಸನೆ ಅಲ್ಲಿಯವರೆಗೂ ಬಂತೇನೇ? ಬೆಳಿಗ್ಗೆಯೇ ಉಂಡಾಯಿತು."

"ಯಾರು ಯಾರು ಉಂಡಿರಿ?"

"ನಾನೊಬ್ಬಳೇ. ನಮ್ಮತ್ತೆ, ಸರಕ್ಕೆ ಬೇರು ಕಟ್ಟಿಲ್ಲ, ಈ ಮನೆಯಲ್ಲಿ ಬೇಯಿಸಕೂಡದು ಎಂದರು. ನಮ್ಮಮ್ಮ ಕಿತ್ತದ್ದಕ್ಕೂ ಸಾಕ್ಷಿ ಕೇಳುತ್ತೀರಾ ಎಂದು ಜಗಳ ಮಾಡಿಕೊಂಡೇ ಉಂಡೆ. ಯಾಕಮ್ಮ? ಮುಖ ಯಾಕೆ ಹಾಗಾಯಿತು?"

ಹೆಂಗಸು ನೇರವಾಗಿ ಒಳಗೆ ಹೋದಳು. ಗಡಿಗೆಯ ತಳದಲ್ಲಿ ಉಳಿದಿದ್ದ ಸಾರನ್ನು ಬಳಿದು, ನಿಂತಲ್ಲೇ ಕುಡಿದಳು. ಆಮೇಲೆ ಬಾಗಿಲಿಗೆ ಬಂದು, ಬೀಗಿತಿಯ ಎದುರಿಗೇ ನಡೆದದ್ದನ್ನೆಲ್ಲ ಹೇಳಿದಳು. ಅಳಿಯ ವೈದ್ಯನನ್ನು ಕರೆತರಲು ಓಡಿದ. ಬೀಗಿತಿ ಒಂದು ಮಾತೂ ಬಯ್ಯಲಿಲ್ಲ. ಅದರಿಂದ ಹೆಂಗಸಿಗೆ ಇನ್ನೂ ಹೆದರಿಕೆಯಾಯಿತು.

"ನನಗೇನೂ ಆಗಿಲ್ಲವಲ್ಲಮ್ಮ. ನೋಡು, ಚೆನ್ನಾಗಿಯೇ ಇದ್ದೇನೆ" ಎಂದಳು ಮಗಳು.

ಹೆಂಗಸಿಗೆ ಅದೇ ಭಯ. ಆ ವಿಷ ಆತುರದ್ದಲ್ಲ. ಉಂಡ ಕೂಡಲೇ ಏನೂ ಮಾಡುವುದಿಲ್ಲ. ಮೊದಲು ನಗಲು ಬಿಡುತ್ತದೆ, ಓಡಾಡಲು ಬಿಡುತ್ತದೆ, ಚೆನ್ನಾಗಿಯೇ ಇದ್ದೇನೆ ಎಂದು ಹೇಳಲೂ ಬಿಡುತ್ತದೆ. ಅವಳು ಮಗಳ ಎದುರಿಗೆ ಕೂತು, ಅವಳ ಮುಖವನ್ನು ನೋಡತೊಡಗಿದಳು. ಅತ್ತೆ ಬೇರನ್ನು ನೋಡುತ್ತಿದ್ದ ಹಾಗೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಕೆಂಚಯ್ಯ.

"ಬದುಕಿದರು, ಇಬ್ಬರೂ. ಹೋದ ವರ್ಷ ಇನ್ನೊಬ್ಬನಿಗೆ ಹೇಳಿದಾಗ ಬದುಕಿರಲಿಲ್ಲ."

"ಇದೇನು ಗುರುಗಳೇ! ಎರಡರಲ್ಲಿ ನಿಜ ಯಾವುದು?"

"ಅವಳೂ ಅದನ್ನೇ ಕೇಳಿಕೊಳ್ಳುತ್ತಾ ಮೂರು ದಿನ ಕೂತಿದ್ದಳಪ್ಪ."

ಕೆಂಚಯ್ಯ ಅರ್ಥವಾಯಿತೆನ್ನುವಂತೆ ತಲೆಯಾಡಿಸಿದ. ಗುರುಗಳು ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿಕೊಂಡು, ಅವನ ಸೊಂಟದ ಕುಡುಗೋಲನ್ನು ನೋಡಿದರು.

"ಅದಿರಲಿ, ಇವತ್ತಿನ ಸಾರಿಗೆ ತಂದ ಅಣಬೆಯ ಬೇರುಗಳನ್ನು ಎಲ್ಲಿಟ್ಟಿದ್ದೀಯ?"