ಮರದ ಮೇಲಿನ ಅಭಿಪ್ರಾಯ

ರೈಫಲ್ಲಿನ ದಪ್ಪ ಗುಂಡನ್ನು ಸರ್ಕಾರ ನಿಷೇಧಿಸುತ್ತದಂತೆ. ಜನರ ಅಭಿಪ್ರಾಯ ಕೇಳಲು ಕೊಡಗಿಗೆ ಬಂದ ಅಧಿಕಾರಿ, ಕಾಡುಹಂದಿ ಅರ್ಧ ತಿಂದು ಮುಗಿಸಿದ್ದ ದೇಚವ್ವನ ಗದ್ದೆಯ ಬದುವಿನಲ್ಲಿ ನಿಂತು ತನ್ನದೇ ಅಭಿಪ್ರಾಯ ಹೇಳತೊಡಗಿದ.

“ಹಂದಿಗೆ ಗುಂಡು ಯಾಕಮ್ಮಾ? ಚಪ್ಪಾಳೆ ತಟ್ಟಿದರೆ ಓಡುತ್ತೆ.”

“ಹೌದಾ ಸರ್? ಇಷ್ಟು ದಿನ ನಮಗೆ ಹೊಳೆದೇ ಇರಲಿಲ್ಲ ನೋಡಿ. ಇಲ್ಲೇ ಇರಿ, ಕಾಫಿ ತರ್ತೇನೆ.”

ದೇಚವ್ವ ಹಿತ್ತಿಲಿನ ಗೂಡಿನ ಅಗುಳಿ ಸರಿಸಿಯೇ ಕಾಫಿಗೆ ನೀರಿಟ್ಟಳು.

ಪೊದೆ ಅಲುಗಿತು. ಗುರ್ ಅಂದಿತು. ಕರೀ ಮೂತಿಯೊಂದು ಹೊರಬಂತು. ಅಧಿಕಾರಿಗೆ ಚಪ್ಪಾಳೆ ತಟ್ಟಲು ಕೈ ಬಿಡುವಿರಲಿಲ್ಲ. ಎರಡೂ ಕೈ ಬದುವಿನ ಹಲಸಿನ ಮರದ ಕೊಂಬೆ ಹಿಡಿದಿದ್ದವು.

“ಹೊಡೀರಮ್ಮಾ!”

ಲೋಟ ಹಿಡಿದು ಬಂದ ದೇಚವ್ವ ಕೇಳಿದಳು: “ಯಾವ ಗುಂಡು ಹಾಕಲಿ, ಸರ್?”

“ದಪ್ಪದ್ದೇ! ಬೇಗ!”

“ಅದನ್ನೇ ಬರ್ಕೊಳ್ಳಿ. ಇಳೀರಿ, ಕಾಫಿ ಆರ್ತದೆ. ಇದು ನಮ್ಮ ಸಾಕುಹಂದಿ. ಚಪ್ಪಾಳೆ ಮಾತ್ರ ತಟ್ಟಬೇಡಿ, ಊಟಕ್ಕೆ ಕರೆದರು ಅಂತ ಓಡಿ ಬರ್ತದೆ.”